ಬಡಗು ಗೋಡೆಯ ಚಿತ್ರಗಳು

ಮೂವತ್ತೊಂದು ವರ್ಷ ಕಳೆದ ಮೇಲೆ ಫೋನಿನಲ್ಲಿ ಬಂದ ದನಿಯನ್ನು ಒಂದೇ ಮಾತಿಗೆ ಗುರುತು ಹಿಡಿಯಬೇಕಾದರೆ, ಒಂದೋ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಇದ್ದಿರಬೇಕು, ಇಲ್ಲ ಅವನಿಗೆ ದೊಡ್ಡ ಅನ್ಯಾಯ ಮಾಡಿರಬೇಕು. ನಳಿನಾಕ್ಷಿಯ ಲೆಕ್ಕದಲ್ಲಿ ಎರಡೂ ಇದ್ದವು.

"ನ್ಯೂಜರ್ಸಿಯಲ್ಲಿ ಜರ್ಮನ್ ಬರುವ ನಳಿನಾಕ್ಷಿಯರು ಎಷ್ಟು ಜನ ಇದ್ದಾರೆ ಅಂತ ಅನುವಾದಕರ ಪಟ್ಟಿಯಲ್ಲಿ ಹುಡುಕಿದೆ," ಎಂದಿತು ಆ ದನಿ ಜರ್ಮನ್ ಭಾಷೆಯಲ್ಲಿ. "ಒಬ್ಬಳೇ ಸಿಕ್ಕಿದಳು."

"ಲೋಥಾರ್," ಎಂದಳು ನಳಿನಾಕ್ಷಿ. ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಅವಳಿಗೆ ಅದು ಕಾಣಲಿಲ್ಲ.

ಅದು ಎರಡು ಸಾವಿರದ ಎಂಟನೇ ಇಸವಿಯ ಸೆಪ್ಟೆಂಬರಿನ ಒಂದು ಸೋಮವಾರ. ನ್ಯೂಯಾರ್ಕಿನ ಒಂದು ದೊಡ್ಡ ಬ್ಯಾಂಕು ಮಗುಚಿ ಬಿದ್ದ ದಿನ. ಜರ್ಸಿ ಸಿಟಿಯ ಬ್ಯಾಂಕ್ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಗಳು ಅಕ್ಷಿತಾ ಅಂದು ಮೂರೂವರೆಗೇ ಪ್ಲೇನ್ಸ್‌ಬರೋದ ಮನೆಗೆ ಬಂದು, ಶೂ ಕೂಡ ಬಿಚ್ಚದೆ ಟೀವಿಯ ಮುಂದೆ ಕೂತುಬಿಟ್ಟಿದ್ದಳು. ಇಡೀ ಊರಿಗೆ ಊರೇ ಹೆದರಿದ್ದ ದಿನ ತಾಯಿಯ ಮುಖ ಬಿಳಿಚಿಕೊಂಡದ್ದನ್ನು ಯಾರು ಗಮನಿಸುತ್ತಾರೆ? ಆ ಮಟ್ಟಿಗೆ ನಳಿನಾಕ್ಷಿಯ ಅದೃಷ್ಟ ಚೆನ್ನಾಗಿತ್ತು.

ನಳಿನಾಕ್ಷಿ ಮಂಗಳೂರಿನ ಹಂಚಿನ ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿ ಅಣ್ಣಪ್ಪನವರ ಒಬ್ಬಳೇ ಮಗಳು. ಅಣ್ಣಪ್ಪನವರೆಂದರೆ ಲಾಠಿ ಏಟು ತಿಂದರೂ ಜೊತೆಗಾರರ ಹೆಸರು ಬಾಯಿಬಿಡದ ಮನುಷ್ಯ. ಎಪ್ಪತ್ತನಾಲ್ಕರಲ್ಲಿ ಪೂರ್ವ ಜರ್ಮನಿಯ ಸಮಾಜವಾದಿ ಸರ್ಕಾರ ನಮ್ಮ ಕಡೆಯ ಸಂಘಟನೆಗಳ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಟ್ಟಾಗ ಅವರು ಮಗಳನ್ನು ಲೈಪ್ಜಿಗ್‌ಗೆ ಮುದ್ರಣ ಕಲಿಯಲು ಕಳಿಸಿದರು. ಮೂರೂವರೆ ವರ್ಷ ಅಲ್ಲಿದ್ದು ಬಂದಳು. ಆಮೇಲೆ ಮದುವೆ, ಗಂಡನ ಹೋಟೆಲ್ ವ್ಯಾಪಾರ, ಅದರ ಬೆನ್ನು ಹಿಡಿದು ನ್ಯೂಜರ್ಸಿಯ ಎಡಿಸನ್ ಊರು. ಇಡ್ಲಿ ಹಿಟ್ಟು, ಗಿರಾಕಿ, ಲೈಸೆನ್ಸುಗಳ ನಡುವೆಯೂ ಜರ್ಮನ್ ಮರೆಯಲಿಲ್ಲ. ಔಷಧ ಕಂಪನಿಗಳ ಕಾಗದ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳ ಮನೆ ಸೇರಿ, ಭಾನುವಾರಗಳಲ್ಲಿ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನ ಮಕ್ಕಳಿಗೆ ಕನ್ನಡ ಹೇಳಿಕೊಡಲು ಶುರುಮಾಡಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಅಮ್ಮಂದಿರು ನಳಿನಾಕ್ಷಿ ಆಂಟಿಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಅಣ್ಣಪ್ಪನವರ ಮಗಳು, ನೇರ ನಡೆ, ನೇರ ನುಡಿ. ಅಕ್ಷಿತಾ ಕೂಡ ಅಜ್ಜನ ಕಥೆಯನ್ನು ಅಮ್ಮನಿಂದ ಕೇಳಿಯೇ ಬೆಳೆದವಳು. ಆ ಹೆಸರಿಗೆ ಮಗಳ ಕಣ್ಣೆದುರು ಮಸಿ ಬೀಳದಂತೆ ಸಾಯಬೇಕು ಎನ್ನುವುದು ನಳಿನಾಕ್ಷಿಯ ಒಂದೇ ಆಸೆ. ಬೇರೆ ಏನೂ ಬೇಕಿರಲಿಲ್ಲ ಅವಳಿಗೆ.

ಲೋಥಾರ್ ಫೋನ್ ಮಾಡಿದ್ದು ಕೆಲಸ ಕೊಡಲು. ಅವನು ಚಿತ್ರಕಾರ. ಜರ್ಸಿ ಸಿಟಿಯ ಒಂದು ಸಣ್ಣ ಮ್ಯೂಸಿಯಂ ಅವನ ಐವತ್ತು ವರ್ಷದ ಕೆಲಸವನ್ನೆಲ್ಲ ಸೇರಿಸಿ ಮಾರ್ಚಿನಲ್ಲಿ ಒಂದು ಪ್ರದರ್ಶನ ಮಾಡುವುದಿತ್ತು. ಹಳೆಯ ಸರ್ಕಾರದ ಗುಪ್ತ ಪೊಲೀಸರು ಅವನ ಮೇಲೆ ಇಟ್ಟಿದ್ದ ಫೈಲು, ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದ ಮೇಲೆ ಅರ್ಜಿ ಹಾಕಿ ಹಾಕಿ, ಈಗ ಅವನ ಕೈಗೆ ಬಂದಿತ್ತು. ನೂರಾ ಹನ್ನೆರಡು ಪುಟ. ಅದು ಇಂಗ್ಲಿಷಿಗೆ ಆಗಬೇಕು.

"ಬೇರೆ ಯಾರಾದರೂ ಮಾಡಬಹುದಲ್ಲ," ಎಂದಳು.

"ಮಾಡಬಹುದು. ಆದರೆ ಅವರಿಗೆ ನಮ್ಮ ಮನೆ ಗೊತ್ತಿಲ್ಲ. ನಿನಗೆ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮ ಜಾತಕದಲ್ಲೇ ಇದೆ. ಒಪ್ಪಿಕೊಂಡರೆ ಅವನ ಎದುರು ಕೂರಬೇಕು. ಒಪ್ಪದಿದ್ದರೆ ಇನ್ನಾರೋ ಆ ಫೈಲನ್ನು ಮೊದಲು ಓದುತ್ತಾರೆ. ನಳಿನಾಕ್ಷಿ ಒಪ್ಪಿಕೊಂಡಳು. ಅವನು ಜರ್ಮನ್ ಹುಟ್ಟಿನವನು, ಆ ಫೈಲನ್ನು ಅವನೇ ಎಲ್ಲರಿಗಿಂತ ಮೊದಲು ಓದಿರುತ್ತಾನೆ ಎನ್ನುವುದು ಫೋನ್ ಇಟ್ಟ ಮೇಲೆ ಹೊಳೆಯಿತು. ಗಾಬರಿಯಲ್ಲಿ ಬುದ್ಧಿ ಯಾವಾಗಲೂ ಒಂದು ಬಸ್ಸು ತಡ.

ಶುಕ್ರವಾರ ಮಧ್ಯಾಹ್ನ ಟ್ರೈನು ಹಿಡಿದು ಜರ್ಸಿ ಸಿಟಿಗೆ ಹೋದಳು. ಹಳೆಯ ಕಾರ್ಖಾನೆಯ ಕಟ್ಟಡ, ನಾಲ್ಕನೇ ಮಹಡಿ, ಲಿಫ್ಟಿಲ್ಲ. ಬಾಗಿಲು ತೆಗೆದವನು ಎಪ್ಪತ್ತೆರಡರ ಮುದುಕ. ಎತ್ತರ ಅಷ್ಟೇ ಇತ್ತು, ಮೈಯಲ್ಲಿ ಮಾಂಸ ಇರಲಿಲ್ಲ. ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಕಾಫಿ ಮಾಡಿಕೊಟ್ಟ. ಅವಳು ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾಳೆಂದು ಕೇಳದೆ ಮೂರು ಚಮಚ ಹಾಕಿದ. ಮೂವತ್ತೊಂದು ವರ್ಷದ ಹಿಂದೆ ಅವಳು ಹಾಕಿಕೊಳ್ಳುತ್ತಿದ್ದದ್ದು ಅಷ್ಟೇ.

"ಮಾರ್ಗರೆಟ್ ಹೇಗಿದ್ದಾಳೆ?" ಎಂದು ಕೇಳಿದಳು. ಮಾರ್ಗರೆಟ್ ಅವನ ಹೆಂಡತಿ. ಹಿಮದಲ್ಲಿ ನಡುಗುತ್ತಿದ್ದ ಮಂಗಳೂರಿನ ಹುಡುಗಿಗೆ ತನ್ನ ಉಣ್ಣೆಯ ಕೋಟು ಬಿಚ್ಚಿ ಕೊಟ್ಟವಳು.

"ಕೊನೆಯ ಹತ್ತು ಪುಟಗಳಲ್ಲಿ ಇದ್ದಾಳೆ," ಎಂದ ಲೋಥಾರ್. "ಅಲ್ಲಿಗೆ ಬರುತ್ತೇವೆ. ಅವಸರವಿಲ್ಲ."

ಪೂರ್ತಿ ಫೈಲು ಕೊಡಲಿಲ್ಲ. ವಾರಕ್ಕೆ ಐದೋ ಆರೋ ಪುಟ. ಶುಕ್ರವಾರ ಬರಬೇಕು, ಮಾಡಿದ್ದನ್ನು ಕೊಡಬೇಕು, ಮುಂದಿನದನ್ನು ಒಯ್ಯಬೇಕು. ಪುಟಗಳನ್ನು ಕಬ್ಬಿಣದ ಡಬ್ಬಿಯಿಂದ ತಾನೇ ಎಣಿಸಿ ತೆಗೆದು ಕೊಡುತ್ತಿದ್ದ. ರೇಷನ್ ಕೊಟ್ಟ ಹಾಗೆ.

ಫೈಲಿನ ಮೊದಲ ನಲವತ್ತು ಪುಟಗಳಲ್ಲಿ ಅವಳಿಗೆ ಭಯವಿರಲಿಲ್ಲ. ಅದು ಅವಳು ಅಲ್ಲಿಗೆ ಹೋಗುವ ಮೊದಲಿನ ಕಥೆ. ಅರವತ್ತೊಂಬತ್ತರಲ್ಲಿ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನ ಗೋಡೆಗೆ ದೊಡ್ಡ ಚಿತ್ರ ಬರೆಯಲು ಸರ್ಕಾರ ಲೋಥಾರನಿಗೆ ಹೇಳಿತ್ತು. ನಗುವ ಕೆಲಸಗಾರರು, ಎತ್ತಿದ ಮುಷ್ಟಿ, ಹಿಂದೆ ಸೂರ್ಯ, ಇದೇ ಸಾಮಾನು. ಅವನು ಎರಡನೇ ಪಾಳಿ ಮುಗಿಸಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ಇಪ್ಪತ್ತು ಜನರನ್ನು ಬರೆದ. ಕೆಲಸಗಾರರಿಗೆ ಖುಷಿಯೋ ಖುಷಿ. ಇದು ಅವನು, ಇದು ನಾನು ಎಂದು ಬೆರಳು ಮಾಡಿ ತೋರಿಸಿಕೊಂಡರಂತೆ. ಮೂರನೇ ದಿನ ಅಧಿಕಾರಿಗಳು ಬಂದು ಸುಣ್ಣ ಹೊಡೆಸಿದರು. 'ಸಮಾಜವಾದದಲ್ಲಿ ಕೆಲಸಗಾರ ದಣಿಯುವುದಿಲ್ಲ' ಎಂದು ಯಾರೋ ಮಹಾನುಭಾವ ಫೈಲಿನ ಅಂಚಿನಲ್ಲಿ ಬರೆದಿದ್ದ. ಅದನ್ನು ಅನುವಾದಿಸುವಾಗ ನಳಿನಾಕ್ಷಿಗೆ ನಗು ಬಂತು. ಹಂಚಿನ ಕಾರ್ಖಾನೆಯಿಂದ ಬಂದು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ ಅಪ್ಪ ನೆನಪಾದರು. ಆಮೇಲೆ ನಗು ನಿಂತಿತು.

ಆ ಸುಣ್ಣದ ಜೊತೆಗೆ ಲೋಥಾರನ ಬದುಕಿಗೂ ಸುಣ್ಣ ಬಿತ್ತು. ಕಲಾವಿದರ ಸಂಘದಿಂದ ಹೊರಗೆ ಹಾಕಿದರು. ಸಂಘದ ಕಾರ್ಡಿಲ್ಲದವನಿಗೆ ಅಂಗಡಿಯಲ್ಲಿ ಒಳ್ಳೆಯ ಬಣ್ಣ ಸಿಗುವಂತಿಲ್ಲ, ಕ್ಯಾನ್ವಾಸ್ ಸಿಗುವಂತಿಲ್ಲ, ಪ್ರದರ್ಶನವಂತೂ ಇಲ್ಲವೇ ಇಲ್ಲ. ಅವನು ಹಾಸಿಗೆಯ ಬಟ್ಟೆ ಹರಿದು ಚೌಕಟ್ಟಿಗೆ ಬಿಗಿದ. ಒಲೆಯ ಮಸಿ, ಇಟ್ಟಿಗೆ ಪುಡಿ, ಎಣ್ಣೆ ಕಲಸಿ ಬಣ್ಣ ಮಾಡಿಕೊಂಡ. ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಗಳಿಗೆ ಕರಡಿ, ಮೊಲ ಬರೆದು, ಹೆಂಡತಿಯ ಹೆಸರು ಹಾಕಿ ಕೊಡುತ್ತಿದ್ದ. ಎರಡು ತಿಂಗಳಿಗೊಮ್ಮೆ ಮನೆಯಲ್ಲೇ ಗುಟ್ಟಾದ ಪ್ರದರ್ಶನ. ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದರೆ ಬನ್ನಿ ಎಂದರ್ಥ. ಆ ಮಕ್ಕಳ ಪುಸ್ತಕಗಳ ಮುದ್ರಣಾಲಯದಲ್ಲಿ ಅಭ್ಯಾಸಕ್ಕೆ ಹಾಕಿದ್ದ ವಿದ್ಯಾರ್ಥಿನಿ ನಳಿನಾಕ್ಷಿ. ಹಾಗೆ ಆ ಮನೆಯ ಬಾಗಿಲು ಅವಳಿಗೆ ತೆರೆಯಿತು.

ನವೆಂಬರಿನ ಎರಡನೇ ಶುಕ್ರವಾರ ತಂದ ಪುಟಗಳಲ್ಲಿ ಮೇಲ್ಗಡೆ ಟೈಪ್ ಮಾಡಿದ ಹೆಸರಿತ್ತು: ಹನ್ನಾ. ಗುಪ್ತ ಪೊಲೀಸರಿಗೆ ಸುದ್ದಿ ಕೊಡುವವರಿಗೆ ಇಡುವ ಸುಳ್ಳು ಹೆಸರು. ನಳಿನಾಕ್ಷಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿದಳು. ಹನ್ನಾ ಎಂದರೆ ಅವಳೇ.

ಎಪ್ಪತ್ತಾರರಲ್ಲಿ ವೀಸಾ ಮುಂದುವರಿಸುವ ಕಚೇರಿಯಲ್ಲಿ ಒಬ್ಬ ಸಭ್ಯ ಮನುಷ್ಯ ಅವಳಿಗೆ ಚಹಾ ಕೊಟ್ಟು ಮಾತಾಡಿಸಿದ್ದ. ನಿನ್ನ ತಂದೆ ಕಾರ್ಮಿಕರಿಗೆ ಜೀವ ಸವೆಸಿದವರು, ಇದು ಕಾರ್ಮಿಕರ ರಾಜ್ಯ, ನೀನು ಇಲ್ಲಿ ಅತಿಥಿಯಲ್ಲ, ಮನೆಮಗಳು ಎಂದ. ಲೋಥಾರನ ಚಿತ್ರಗಳು ಹೇಗಿವೆ, ಬರೆದುಕೊಡು, ಅಷ್ಟೇ. ಮನುಷ್ಯರ ಬಗ್ಗೆ ಬೇಡ, ಚಿತ್ರಗಳ ಬಗ್ಗೆ ಸಾಕು. ಕೊಡದಿದ್ದರೆ ವೀಸಾ ಏನಾಗುತ್ತದೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹೆದರಿದ್ದಳು, ನಿಜ. ಆದರೆ ಬರೀ ಹೆದರಿಕೆಯೇ ಎಂದರೆ ಅದೂ ಸುಳ್ಳು. ಕಾರ್ಮಿಕರ ರಾಜ್ಯದ ಅನ್ನ ತಿಂದು ಅದನ್ನೇ ಹಂಗಿಸುವ ಈ ಮನುಷ್ಯನ ಮೇಲೆ ಅವಳಿಗೂ ಒಂದು ಸಿಟ್ಟು ಇತ್ತು. ಹನ್ನೊಂದು ವರದಿ ಕೊಟ್ಟಳು. ಎಪ್ಪತ್ತೇಳರ ಡಿಸೆಂಬರಿನಲ್ಲಿ ಊರಿಗೆ ಹೊರಟಳು. ಅದಾದ ಮೇಲೆ ಮನೆಗೆ ನುಗ್ಗಿ ಚಿತ್ರಗಳನ್ನು ಒಯ್ದು ಸುಟ್ಟರೆಂದು ಯಾರೋ ಬರೆದಿದ್ದರು. ಮಾರ್ಗರೆಟ್ ಗಂಡನನ್ನು ಬಿಟ್ಟು ಹೋದಳಂತೆ ಎಂದೂ ಅದೇ ಕಾಗದದಲ್ಲಿತ್ತು. ಸುಟ್ಟದ್ದು ಬಟ್ಟೆ, ಬಣ್ಣ, ಮನುಷ್ಯರಲ್ಲವಲ್ಲ ಎಂದು ನಳಿನಾಕ್ಷಿ ಮೂವತ್ತು ವರ್ಷ ತನ್ನನ್ನು ತಾನೇ ತಟ್ಟಿ ಮಲಗಿಸಿದ್ದಳು.

ಈಗ ತನ್ನದೇ ವರದಿಯ ಮೊದಲ ಸಾಲುಗಳನ್ನು ಎರಡೆರಡು ಸಲ ಓದಿದಳು. 'ಬಡಗು ಗೋಡೆಯಲ್ಲಿ ಮೂರು ಚಿತ್ರ. ಒಲೆಗೆ ಮೂಡುಬದಿಯಲ್ಲಿ ಒರಗಿಸಿಟ್ಟದ್ದು ಎರಡು. ಪಡುಗೋಡೆಯ ಕಪಾಟಿನ ಹಿಂದೆ, ತೆಂಕು ಮೂಲೆಯಲ್ಲಿ, ಸುರುಳಿ ಸುತ್ತಿದ್ದು ನಾಲ್ಕು.'

ಯಾವ ಜರ್ಮನ್ ಮನುಷ್ಯ ಹೀಗೆ ಬರೆಯುತ್ತಾನೆ? ಎಡ, ಬಲ ಎನ್ನುತ್ತಾನೆ, ಕಿಟಕಿಯ ಪಕ್ಕ ಎನ್ನುತ್ತಾನೆ. ನಳಿನಾಕ್ಷಿಯ ಊರಿನಲ್ಲಿ ಎಡ ಬಲ ಇರುವುದು ಊಟದ ಕೈ ಹೇಳಲಿಕ್ಕೆ ಮಾತ್ರ. ಮಿಕ್ಕದ್ದಕ್ಕೆಲ್ಲ ದಿಕ್ಕು: ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು, ದಕ್ಷಿಣಕ್ಕೆ ತೆಂಕು, ಉತ್ತರಕ್ಕೆ ಬಡಗು. ಸಾಸಿವೆ ಡಬ್ಬಿ ಉಪ್ಪಿನ ಭರಣಿಗೆ ತೆಂಕು, ಎಮ್ಮೆ ಗೂಟಕ್ಕೆ ಬಡಗು, ಹಲ್ಲು ನೋವು ಬಂದರೆ ಮೂಡುಬದಿಯ ದವಡೆ ಎಂದು ವೈದ್ಯರಿಗೆ ಹೇಳಿ ಅವರನ್ನು ಕುರ್ಚಿಯ ಸುತ್ತ ಸುತ್ತಿಸುವವರೂ ಇದ್ದಾರೆ. ಯಾವ ಊರಿಗೆ ಹೋದರೂ, ಯಾವ ಮನೆ ಹೊಕ್ಕರೂ ಮೊದಲು ಸೂರ್ಯ ಎಲ್ಲಿ ಎಂದು ನೋಡಿ ತಲೆಯೊಳಗೆ ದಿಕ್ಕು ಕೂರಿಸಿಕೊಳ್ಳದಿದ್ದರೆ ನಳಿನಾಕ್ಷಿಗೆ ನಿದ್ದೆ ಬಾರದು. ಪ್ಲೇನ್ಸ್‌ಬರೋದಲ್ಲೂ ಅಷ್ಟೇ. "ಫ್ರಿಜ್ಜಿನ ಪಡುಬದಿಯಲ್ಲಿ ಮಜ್ಜಿಗೆ ಉಂಟು ನೋಡು," ಎಂದರೆ ಅಳಿಯ ಕಕ್ಕಾಬಿಕ್ಕಿಯಾಗುತ್ತಿದ್ದ.

ಲೈಪ್ಜಿಗ್‌ನ ಆ ಮನೆಯಲ್ಲಿ ಲೋಥಾರನೂ ಮಾರ್ಗರೆಟ್ಟೂ ಇದಕ್ಕೇ ಅವಳನ್ನು ಕಾಡಿಸುತ್ತಿದ್ದರು. "ಚಿತ್ರ ಎಷ್ಟು ಸರಿಸಲಿ, ಬಡಗಿಗೋ ತೆಂಕಿಗೋ?" ಎಂದು ಅವನು ಅಣಕಿಸುತ್ತಿದ್ದ. ಹಾಗಾದರೆ ಮೊದಲ ವರದಿಯ ಮೊದಲ ಸಾಲು ಓದುವಾಗಲೇ ಅವನಿಗೆ ಗೊತ್ತಾಗಿರಬೇಕು. ಅಥವಾ ಮುದುಕ ಮರೆತಿರಬಹುದು. ಇರಬಹುದು, ಇರಬಹುದು ಎಂದುಕೊಂಡಳು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಬಡಗು ಗೋಡೆ ಎಂದಿದ್ದಲ್ಲಿ ಇಂಗ್ಲಿಷಿನಲ್ಲಿ ಎಡಗೋಡೆ ಎಂದು ಮಾಡಿದಳು. ಮೂಡುಬದಿ, ಬಲಬದಿಯಾಯಿತು. ತೆಂಕು ಮೂಲೆ ಬರೀ ಮೂಲೆಯಾಯಿತು. ಉಳಿದದ್ದೆಲ್ಲ ಅಕ್ಷರಕ್ಕಕ್ಷರ. ಆ ಶುಕ್ರವಾರ ಲೋಥಾರ್ ಹಾಳೆಗಳನ್ನು ತೆಗೆದುಕೊಂಡು, ಕನ್ನಡಕ ಏರಿಸಿ ನಿಧಾನವಾಗಿ ಓದಿದ. "ಚೆನ್ನಾಗಿದೆ," ಎಂದ. ಮುಂದಿನ ಆರು ಪುಟ ಎಣಿಸಿ ಕೊಟ್ಟ. ಮೆಟ್ಟಿಲಿಳಿಯುವಾಗ ನಳಿನಾಕ್ಷಿಗೆ ಹಾಡು ಹೇಳಬೇಕೆನ್ನುವಷ್ಟು ಹಗುರವಾಯಿತು.

ಆ ಚಳಿಗಾಲ ಊರಲ್ಲಿ ಯಾರಿಗೂ ಒಳ್ಳೆಯದಾಗಲಿಲ್ಲ. ಅಕ್ಷಿತಾಳ ಕಚೇರಿಯಲ್ಲಿ ವಾರವಾರವೂ ಜನರನ್ನು ಕಳಿಸುತ್ತಿದ್ದರು. "ಇವತ್ತು ಹನ್ನೆರಡು ಜನ ಅಮ್ಮ. ನನ್ನ ಪಕ್ಕದ ಸೀಟಿನವಳು ಹೋದ್ಲು. ಸೆಕ್ಯುರಿಟಿಯವನು ಜೊತೆಗೆ ನಿಂತು ಡೆಸ್ಕ್ ಖಾಲಿ ಮಾಡಿಸ್ದ," ಎನ್ನುತ್ತಿದ್ದಳು. ಎಚ್‌ಒನ್ ವೀಸಾದ ಎರಡು ಸಂಸಾರ ಕಾಂಪ್ಲೆಕ್ಸಿನಿಂದಲೇ ಊರಿಗೆ ಹೊರಟುಹೋದವು. ಕನ್ನಡ ಕ್ಲಾಸಿನಲ್ಲಿ ಮೂರು ಕುರ್ಚಿ ಖಾಲಿ.

ಮ್ಯೂಸಿಯಂಗೂ ಅದೇ ಗಾಳಿ ಬಡಿಯಿತು. ಪ್ರದರ್ಶನಕ್ಕೆ ಹಣ ಕೊಡುತ್ತೇನೆಂದಿದ್ದ ಬ್ಯಾಂಕು ಹಿಂದೆ ಸರಿಯಿತು. ಬೇರೆ ಬೇರೆ ಊರುಗಳಲ್ಲಿದ್ದ ಲೋಥಾರನ ಚಿತ್ರಗಳನ್ನು ತರಿಸುವುದು, ವಿಮೆ ಮಾಡಿಸುವುದು ಸಾಧ್ಯವೇ ಇಲ್ಲ ಎಂದರು. ಜನವರಿಯಲ್ಲಿ ಒಂದು ಶುಕ್ರವಾರ ಅವನೇ ಈ ಸುದ್ದಿ ಹೇಳಿದ. ನಳಿನಾಕ್ಷಿಗೆ ಪಾಪ ಎನಿಸಿತು, ಅದರ ಹಿಂದೆಯೇ ಬಿಡುಗಡೆಯ ಉಸಿರು ಬಂತು, ಆ ಉಸಿರಿಗೆ ನಾಚಿಕೆಯೂ ಆಯಿತು.

"ಅಲ್ಲಿ ಸರ್ಕಾರಕ್ಕೆ ಬೇಡವಾದೆ," ಎಂದ ಲೋಥಾರ್. "ಜೈಲಿನಲ್ಲಿಟ್ಟು, ಎಪ್ಪತ್ತೊಂಬತ್ತರಲ್ಲಿ ಗಡಿ ದಾಟಿಸಿ ಬಿಟ್ಟರು. ನ್ಯೂಯಾರ್ಕಿನಲ್ಲಿ ಹತ್ತು ವರ್ಷ ಎಲ್ಲರಿಗೂ ಬೇಕಾಗಿದ್ದೆ. ಜೈಲಿನ ಕಥೆ ಹೇಳು, ಹೆದರಿದ ಕಥೆ ಹೇಳು ಎನ್ನುತ್ತಿದ್ದರು. ಚಿತ್ರದ ಮುಂದೆ ಯಾರೂ ಎರಡು ನಿಮಿಷ ನಿಲ್ಲಲಿಲ್ಲ. ಗೋಡೆ ಬಿದ್ದ ಮೇಲೆ ಕಥೆಗೂ ಬೆಲೆ ಹೋಯಿತು, ನಾನು ಅಂಗಡಿಗಳ ಬೋರ್ಡು ಬರೆದು ಬದುಕಿದೆ. ನನ್ನ ಚಿತ್ರಗಳನ್ನು ನಿಜವಾಗಿ ನೋಡಿದವರು ಒಬ್ಬರೇ. ಹನ್ನಾ. ಎಷ್ಟು ಚೆನ್ನಾಗಿ ನೋಡಿದ್ದಾಳೆ! ಯಾವ ಮೂಲೆಯಲ್ಲಿ ಯಾವ ಬಣ್ಣ, ಎಷ್ಟು ಗೇಣು. ಸುಟ್ಟುಹೋದ ಹನ್ನೊಂದರಲ್ಲಿ ಹತ್ತನ್ನು ಅವಳ ವರದಿ ಓದಿಯೇ ಮತ್ತೆ ಬರೆದಿದ್ದೇನೆ."

ಗೋಡೆಗೆ ಮುಖ ಮಾಡಿ ಒರಗಿಸಿದ್ದ ಚೌಕಟ್ಟುಗಳನ್ನು ಒಂದೊಂದಾಗಿ ತಿರುಗಿಸಿದ. ಹಾಸಿಗೆ ಬಟ್ಟೆಯ ಮೇಲೆ ಮಸಿ ಮತ್ತು ಇಟ್ಟಿಗೆ ಕೆಂಪು. ಮೇಜಿನ ಮೇಲೆ ನಿದ್ದೆ ಹೋದ ಜನ, ಹೂಕುಂಡ, ಸಾಲಿನಲ್ಲಿ ನಿಂತು ಹೆಪ್ಪುಗಟ್ಟಿದ ಹೆಂಗಸರು. ನಳಿನಾಕ್ಷಿ ಒಂದೊಂದರ ಮುಂದೆಯೂ ನಿಂತು ನೋಡಿದಳು. ತಾನೇ ಸುಡಿಸಿದ್ದು ತನ್ನ ಮಾತಿನಿಂದಲೇ ಎದ್ದು ಬಂದು ಎದುರು ನಿಂತಿತ್ತು.

"ಹನ್ನೊಂದನೆಯದು?" ಎಂದಳು.

"ಅದು ನನ್ನ ಕೈಯಲ್ಲಿ ಆಗುವುದಿಲ್ಲ," ಎಂದ. "ಪ್ರದರ್ಶನ ನಿಲ್ಲುವುದಿಲ್ಲ. ಇಲ್ಲೇ, ಈ ಕೋಣೆಯಲ್ಲಿ ಮಾಡುತ್ತೇವೆ. ಈ ಹತ್ತು ಚಿತ್ರ, ಮತ್ತೆ ಫೈಲು. ಮೂಲ ಮತ್ತು ನಿನ್ನ ಅನುವಾದ, ಪುಟ ಪುಟವೂ ಗೋಡೆಗೆ. ಕಾಗದಕ್ಕೆ ವಿಮೆ ಬೇಕಿಲ್ಲ ಎಂದು ಮ್ಯೂಸಿಯಂನವರಿಗೂ ಸಂತೋಷ. ಇದನ್ನು ಯಾವ ಗೋಡೆಗೆ ಹಾಕಲಿ ಹೇಳು?" ಎಂದು ಹೂಕುಂಡದ ಚಿತ್ರವನ್ನು ಎತ್ತಿ ಹಿಡಿದ.

ಬಾಯಿಗೆ ಬಂದದ್ದು ದಿಕ್ಕಿನ ಹೆಸರು. "ಎಡಗೋಡೆಗೆ," ಎಂದಳು ನಳಿನಾಕ್ಷಿ.

ಲೋಥಾರ್ ಅವಳನ್ನೇ ನೋಡಿದ. ನಕ್ಕ. ಎಡಗೋಡೆಗೆ ಮೊಳೆ ಹೊಡೆದ.

ಫೆಬ್ರವರಿಯಲ್ಲಿ ಹನ್ನೊಂದನೇ ವರದಿ ಬಂತು. ಅದೊಂದು ದೊಡ್ಡ ಚಿತ್ರ. ಸರೋವರದ ದಡ, ದೋಣಿಗಳನ್ನು ಇಡುವ ಕೆಂಪು ತಗಡಿನ ದೋಣಿಮನೆ, ದೂರದಲ್ಲಿ ಎರಡು ಗೋಪುರದ ಇಗರ್ಜಿ ಎಂದರೆ ಚರ್ಚು, ನೀರಿನ ಆಚೆ ಸೂರ್ಯ. ಅದನ್ನು ನೋಡಿದ ದಿನ ಅವಳು ಕೇಳಿದ್ದಳು, ಇದು ಬೆಳಗ್ಗೆಯೋ ಸಂಜೆಯೋ ಎಂದು. ಸಂಜೆ ಎಂದಿದ್ದ ಲೋಥಾರ್, ಕುಂಚ ತೊಳೆಯುತ್ತ. ಅವಳ ತಲೆಯೊಳಗಿನ ದಿಕ್ಕು ತಾನಾಗಿ ತಿರುಗಿ ಕೂತಿತ್ತು. ವರದಿಯಲ್ಲಿ ಬರೆದಿದ್ದಳು: 'ಸೂರ್ಯ ಮುಳುಗುವುದು ನೀರಿನಾಚೆ, ಆದ್ದರಿಂದ ದೋಣಿಮನೆ ಸರೋವರದ ಮೂಡುದಡದಲ್ಲಿದೆ. ಇಗರ್ಜಿ ಅದಕ್ಕೆ ತೆಂಕು.' ಯಾರೂ ಕೇಳಿರಲಿಲ್ಲ ಅದನ್ನು. ಅಭ್ಯಾಸ ಬರೆಸಿತ್ತು. ಈಗ ಇಂಗ್ಲಿಷಿನಲ್ಲಿ 'ಸರೋವರದ ಬಳಿ ಒಂದು ದೋಣಿಮನೆ, ದೂರದಲ್ಲಿ ಇಗರ್ಜಿ' ಎಂದಷ್ಟೇ ಟೈಪ್ ಮಾಡಿ ಮುಗಿಸಿದಳು.

ಮಾರ್ಚಿನ ಮೊದಲ ಶುಕ್ರವಾರ ಕೊನೆಯ ಹತ್ತು ಪುಟಕ್ಕೆ ಹೋದಳು. ಮರುದಿನವೇ ಪ್ರದರ್ಶನ. ದಾರಿಯಲ್ಲಿ ಅಕ್ಷಿತಾಳ ಫೋನು.

"ಅಮ್ಮ, ನನ್ನನ್ನೂ ಕಳಿಸಿದ್ರು."

"ಅಯ್ಯೋ ದೇವರೇ! ಎಂತ ಹೇಳ್ತಿ ಮಾರಾಯ್ತಿ?"

"ಇರಲಿ ಬಿಡು. ನೀನು ಹೆದರ್ಬೇಡ. ಪೇಪರ್ಸ್ ಸೈನ್ ಮಾಡಿ ಅಲ್ಲಿಗೇ ಬರ್ತೀನಿ, ಅಡ್ರೆಸ್ ಇದೆ. ಒಟ್ಟಿಗೆ ಟ್ರೈನಲ್ಲಿ ಮನೆಗೆ ಹೋಗೋಣ."

ಕೋಣೆಯ ಗೋಡೆ ತುಂಬ ಹಾಳೆಗಳು ತೂಗುತ್ತಿದ್ದವು. ಒಂದೊಂದು ಮೂಲದ ಪಕ್ಕ ಒಂದೊಂದು ಅನುವಾದ. ಮೇಜಿನ ಮೇಲೆ ಹನ್ನೊಂದು ಅನುವಾದಗಳು ಮಾತ್ರ ಬೇರೆಯಾಗಿ, ಒಂದು ಪೆನ್ಸಿಲಿನ ಜೊತೆ ಕೂತಿದ್ದವು. ಹನ್ನಾಳ ವರದಿಗಳು.

"ಕೂತುಕೋ," ಎಂದ ಲೋಥಾರ್. "ನೂರ ಎರಡು ಪುಟ ಅನುವಾದ ಮಾಡಿದ್ದೀಯ. ನಾನು ಒಂದೊಂದು ಮಾತನ್ನೂ ಹೋಲಿಸಿ ನೋಡಿದೆ. ಒಳ್ಳೆಯ ಕೆಲಸ. ಮೂವತ್ತೆರಡು ಮಾತು ಮಾತ್ರ ಬದಲಾಗಿವೆ. ಮೂವತ್ತೆರಡೂ ದಿಕ್ಕುಗಳು."

ಹೀಟರಿನ ಕೊಳವೆ ಟಕ ಟಕ ಎನ್ನುತ್ತಿತ್ತು.

"ಮೊದಲ ವರದಿ ಓದಿದಾಗ ನನಗೆ ಅನುಮಾನವಷ್ಟೇ ಇತ್ತು," ಎಂದ. "ಹುಡುಗಿ ಮನೆಗೆ ಹೋಗಿ ಯಾರ ಮುಂದೆಯೋ ಮಾತಾಡಿರಬಹುದು, ಕೇಳಿದವರು ಬರೆದಿರಬಹುದು ಎಂದುಕೊಂಡೆ. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು. ಬಡಗು ಎಂದು ಇದ್ದದ್ದನ್ನು ಬಡಗು ಎಂದೇ ಬರೆದಿದ್ದರೆ ಆ ನಂಬಿಕೆ ಹಾಗೇ ಇರುತ್ತಿತ್ತು. ನೀನೇ ಅಳಿಸಿದೆ."

ಮುಚ್ಚಲು ಹಾಕಿದ ಮಣ್ಣಿನ ಮೇಲೆ ಅವಳದೇ ಹೆಜ್ಜೆ ಮೂಡಿತ್ತು.

"ನೀನು ಇದನ್ನು ಹರಿದರೂ ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ. ತಿದ್ದದಿದ್ದರೆ ಇದು ಹೀಗೇ ಮೂಲದ ಪಕ್ಕ ತೂಗುತ್ತದೆ. ಕೆಳಗೆ ಅನುವಾದಕಿಯ ಹೆಸರು ಇರುತ್ತದೆ. ನಾಳೆ ಜರ್ಮನ್ ಬರುವವರು ಬರುತ್ತಾರೆ, ಈ ದಿಕ್ಕುಗಳೆಲ್ಲ ಎಲ್ಲಿ ಹೋದವು ಎಂದು ಕೇಳುತ್ತಾರೆ. ತಿದ್ದುವುದಾದರೆ ಪೆನ್ಸಿಲ್ ಅಲ್ಲಿದೆ."

"ತಿದ್ದಿದರೆ?" ಎಂದಳು.

"ತಿದ್ದಿದರೆ ಕೊನೆಯ ಹತ್ತು ಪುಟ ಕೊಡುತ್ತೇನೆ."

ಪೆನ್ಸಿಲ್ ತೆಗೆದುಕೊಂಡಳು. ಎಡ ಎಂದಿದ್ದನ್ನು ಹೊಡೆದು ಬಡಗು ಎಂದಳು. ಬಲವನ್ನು ಹೊಡೆದು ಮೂಡು ಎಂದಳು. ಕೊನೆಯ ವರದಿಯಲ್ಲಿ, ಅಂಚಿನಲ್ಲಿ, ಬಿಟ್ಟದ್ದನ್ನೆಲ್ಲ ತುಂಬಿಸಿದಳು: ಸಂಜೆ, ಮೂಡುದಡ, ತೆಂಕಿಗೆ ಇಗರ್ಜಿ.

ಲೋಥಾರ್ ಡಬ್ಬಿಯಿಂದ ಹತ್ತು ಪುಟ ತೆಗೆದು, ಮೇಲಿನದನ್ನು ಅವಳ ಮುಂದೆ ಸರಿಸಿದ. "ಮನೆಗೆ ಒಯ್ಯುವುದು ಬೇಡ. ಇಲ್ಲೇ ಓದು, ಗಟ್ಟಿಯಾಗಿ. ಇಂಗ್ಲಿಷಿನಲ್ಲಿ. ನಾನು ಬರೆದುಕೊಳ್ಳುತ್ತೇನೆ."

ಆಗಲೇ ಬಾಗಿಲು ತಟ್ಟಿದ್ದು. ಅಕ್ಷಿತಾ ನಿಂತಿದ್ದಳು, ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಒಂದು ಕಾಫಿ ಮಗ್ಗು, ಮದುವೆಯ ಫೋಟೋ, ಒಂದು ಜೊತೆ ಚಪ್ಪಲಿ. ಅತ್ತು ಕಣ್ಣು ಊದಿತ್ತು.

"ಸಾರಿ, ಡಿಸ್ಟರ್ಬ್ ಮಾಡಿದ್ನಾ? ಅಮ್ಮ, ಹೋಗೋಣ್ವಾ? ನನಗೆ ಮನೆಗೆ ಹೋಗಿ ಮಲಗಿಬಿಡ್ಬೇಕು ಅನಿಸ್ತಿದೆ."

ದೇವರು ಕೊಟ್ಟ ನೆಪ ಎಂದರೆ ಇದು. ಕೆಲಸ ಕಳಕೊಂಡ ಮಗಳು ಬಾಗಿಲಲ್ಲಿ ನಿಂತಿರುವಾಗ ಎದ್ದು ಹೋಗುವ ತಾಯಿಯನ್ನು ಯಾರು ತಡೆಯುತ್ತಾರೆ? ನಳಿನಾಕ್ಷಿ ಲೋಥಾರನ ಮುಖ ನೋಡಿದಳು. ಅವನು ತಡೆಯಲಿಲ್ಲ. "ಹೋಗಬಹುದು," ಎಂದ ಜರ್ಮನ್‌ನಲ್ಲಿ. "ಬೇರೆ ಯಾರಾದರೂ ಓದುತ್ತಾರೆ."

ಅವಳ ಕಣ್ಣು ಆಗಲೇ ಪುಟದ ಮೇಲೆ ಬಿದ್ದಿತ್ತು. ಇಷ್ಟು ವರ್ಷ ಅನುವಾದ ಮಾಡಿದವರ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆಯೇ ಓಡುತ್ತದೆ. ಆ ಮೊದಲ ಸಾಲುಗಳಲ್ಲಿ ಇದ್ದದ್ದು ಮಾರ್ಗರೆಟ್ ಗಂಡನನ್ನು ಬಿಟ್ಟು ಹೋದ ಕಥೆಯಲ್ಲ.

"ಬಾಕ್ಸ್ ಕೆಳಗಿಡು, ಅಕ್ಷಿ," ಎಂದಳು. "ಐದು ನಿಮಿಷ ಕೂತುಕೊ. ಇದನ್ನು ಓದಿ ಮುಗಿಸ್ಲಿಕ್ಕೆ ಉಂಟು. ನೀನೂ ಕೇಳ್ಬೇಕು."

ಅಕ್ಷಿತಾ ಗಲಿಬಿಲಿಯಿಂದ ಇಬ್ಬರನ್ನೂ ನೋಡಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ತುದಿಯಲ್ಲಿ ಕೂತಳು. ನಳಿನಾಕ್ಷಿ ಇಂಗ್ಲಿಷಿನಲ್ಲಿ ಓದತೊಡಗಿದಳು. ಕೋರ್ಟಿನಲ್ಲಿ ಸಾಕ್ಷಿ ಓದುವ ಹಾಗೆ, ನಿಧಾನವಾಗಿ.

"ಇಪ್ಪತ್ತೆರಡು ಡಿಸೆಂಬರ್ ಎಪ್ಪತ್ತೇಳು. ಗುಟ್ಟಾಗಿ ಕರಪತ್ರ ಅಚ್ಚು ಹಾಕುತ್ತಿದ್ದ ದೋಣಿಮನೆ ಯಾವ ಸರೋವರದ ಯಾವ ದಡದಲ್ಲಿದೆ ಎಂದು ಹದಿನಾಲ್ಕು ತಿಂಗಳಿಂದ ತಿಳಿದಿರಲಿಲ್ಲ. ಕಲಾವಿದನ ಒಂದು ಚಿತ್ರದಲ್ಲಿ ಆ ದೋಣಿಮನೆ ಇರುವುದಾಗಿ ಹನ್ನೊಂದನೇ ವರದ—" ಅವಳು ಓದು ನಿಲ್ಲಿಸಿದಳು. ಮುಂದಿದ್ದದ್ದು ಹನ್ನಾ ಎಂಬ ಹೆಸರು. ಅದನ್ನು ಹಾಗೇ ಓದಿದ್ದರೆ ಅಕ್ಷಿತಾಳಿಗೆ ಯಾರೋ ಜರ್ಮನ್ ಹೆಂಗಸಿನ ಕಥೆಯಾಗಿ ಮುಗಿದುಹೋಗುತ್ತಿತ್ತು.

"ಹನ್ನೊಂದನೇ ವರದಿಯಲ್ಲಿ ನಾನು ತಿಳಿಸಿದ್ದೆ," ಎಂದು ಓದಿದಳು ನಳಿನಾಕ್ಷಿ. "ನಾನು ಕೊಟ್ಟ ದಿಕ್ಕುಗಳ ಆಧಾರದ ಮೇಲೆ, ಇಗರ್ಜಿಗೆ ಬಡಗಿನಲ್ಲಿ, ಮೂಡುದಡದಲ್ಲಿ ಆ ಜಾಗವನ್ನು ಗುರುತಿಸಲಾಯಿತು. ಒಳಗೆ ಇಬ್ಬರು ಸಿಕ್ಕಿದರು."

"ಅಮ್ಮ?" ಎಂದಳು ಅಕ್ಷಿತಾ. "ನೀನು ಕೊಟ್ಟ ಅಂದ್ರೆ? ವಾಟ್ ಡೂ ಯು ಮೀನ್, ನೀನು?"

ನಳಿನಾಕ್ಷಿ ಮಗಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಂದಕ್ಕೆ ಓದಲಾಗುತ್ತಿರಲಿಲ್ಲ. ಆಮೇಲೆ ಸೇರಿಸಿದ್ದ ಮುಂದಿನ ಸಾಲಿನಲ್ಲಿ ಮಾರ್ಗರೆಟ್‌ಳ ಹೆಸರಿತ್ತು, ಇಪ್ಪತ್ತೊಂಬತ್ತು ವರ್ಷ ಎಂದಿತ್ತು, ಜೈಲಿನ ಆಸ್ಪತ್ರೆಯ ಹೆಸರಿತ್ತು, ಮುಂದಿನ ವರ್ಷದ ಮಾರ್ಚ್ ತಿಂಗಳ ಒಂದು ತಾರೀಖಿತ್ತು, ಹೆಣವನ್ನು ಗಂಡನಿಗೆ ತೋರಿಸತಕ್ಕದ್ದಲ್ಲ ಎಂದಿತ್ತು. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

ಲೋಥಾರ್ ಬರೆದುಕೊಳ್ಳುತ್ತಿದ್ದ ಹಾಳೆಯಿಂದ ತಲೆ ಎತ್ತದೆ, ಪೆನ್ನಿನ ತುದಿಯನ್ನು ಕಾಗದಕ್ಕೆ ಒತ್ತಿಕೊಂಡು ಕಾದ.

"ಮುಂದಿನ ಸಾಲು," ಎಂದ.